ನೀಲಿ ಗುಮ್ಮಟದ ಊರಿನಲ್ಲಿ ಒಂದು ಕೋವಿಯ ಆಯ್ಕೆ

ಅಮೆರಿಕದ ಈಶಾನ್ಯ ಮೂಲೆಯಲ್ಲಿ ಕನೆಕ್ಟಿಕಟ್ ಎಂಬ ಪುಟ್ಟ ರಾಜ್ಯವಿದೆ. ಅದೇ ಹೆಸರಿನ ನದಿಯೊಂದು ಆ ರಾಜ್ಯವನ್ನು ನಡುವೆ ಸೀಳಿಕೊಂಡು ತೆಂಕಲಾಗಿ ಹರಿದು ಕಡಲನ್ನು ಸೇರುತ್ತದೆ. ನದಿಯ ಪಡುವಣ ದಂಡೆಯ ಮೇಲೆ ರಾಜಧಾನಿಯಾದ ಹಾರ್ಟ್‌ಫರ್ಡ್ ನಗರ. ದಕ್ಷಿಣದಿಂದ ಹೆದ್ದಾರಿಯಲ್ಲಿ ಬರುವವರಿಗೆ ನಗರದ ಗಗನಚುಂಬಿ ಕಟ್ಟಡಗಳಿಗಿಂತ ಮೊದಲು ಕಣ್ಣಿಗೆ ಬೀಳುವುದು ಒಂದು ನೀಲಿ ಗುಮ್ಮಟ. ಈರುಳ್ಳಿಯ ಆಕಾರದ ಆ ಗುಮ್ಮಟದ ಮೈತುಂಬ ಬಂಗಾರದ ಬಣ್ಣದ ನಕ್ಷತ್ರಗಳು. ತುದಿಯಲ್ಲಿ ಒಂದು ಗೋಲ. ಗೋಲದ ಮೇಲೆ ಮುಂಗಾಲುಗಳನ್ನೆತ್ತಿ ನಿಂತ ಕುದುರೆಮರಿ. ನಾನು ಅದನ್ನು ರಷ್ಯದವರ ಇಗರ್ಜಿಯೆಂದೇ ಬಗೆದೆ.

“ದೇವಸ್ಥಾನವಲ್ಲ ಮಾರಾಯ, ಪಿಸ್ತೂಲಿನ ಕಾರ್ಖಾನೆ,” ಎಂದರು ಭಾವ.

ಕಾರನ್ನು ನಡೆಸುತ್ತಿದ್ದವಳು ಅಕ್ಕ. ಅವಳು ಏನೂ ಹೇಳಲಿಲ್ಲ.

ಬೇಸಿಗೆಯ ರಜೆಯಲ್ಲಿ ಅಕ್ಕನ ಮನೆಗೆ ಹೋಗಿದ್ದ ನನ್ನನ್ನು ಭಾವ ಅಂದು ಹಾರ್ಟ್‌ಫರ್ಡಿಗೆ ಕರೆದುಕೊಂಡು ಹೊರಟದ್ದಕ್ಕೆ ಊರು ತೋರಿಸುವುದೊಂದೇ ಕಾರಣವಾಗಿರಲಿಲ್ಲ. ಅವರಿಗೆ ಒಂದು ಹಳೆಯ ಮಾದರಿಯ ರಿವಾಲ್ವರನ್ನು ಕೊಳ್ಳಬೇಕಾಗಿತ್ತು. ತೋಟಾ ತುಂಬುವ ಇಂದಿನ ರಿವಾಲ್ವರಲ್ಲ. ಮಸಿ ಸುರಿದು, ಗುಂಡು ಜಡಿದು, ಕೇಪು ಕೂರಿಸಿ ಹಾರಿಸುವಂಥದು. ಈ ಆಸೆಯ ಬೇರು ಅಮೆರಿಕದಲ್ಲಿಲ್ಲ, ತೀರ್ಥಹಳ್ಳಿಯ ಸೀಮೆಯಲ್ಲಿದೆ. ಭಾವನ ಹಿರಿಯರ ಮನೆಯ ಪಡಸಾಲೆಯಲ್ಲಿ ಒಂದು ಕೇಪಿನ ಕೋವಿ ತೂಗುತ್ತಿತ್ತು. ಹಂದಿ ಕಾಯಲು ಅಜ್ಜ ಅದಕ್ಕೆ ಈಡು ತುಂಬುವುದನ್ನು ಹುಡುಗನಾಗಿದ್ದ ಭಾವ ಉಸಿರು ಬಿಗಿಹಿಡಿದು ನೋಡುತ್ತಿದ್ದರಂತೆ. ಚುನಾವಣೆ ಬಂದಾಗಲೆಲ್ಲ ಕೋವಿ ಪೊಲೀಸು ಠಾಣೆಗೆ ಹೋಗುವುದು, ಮುಗಿದ ಮೇಲೆ ಮನೆಗೆ ಬರುವುದು. ಹೀಗೆ ಎಷ್ಟೋ ಸಲ ಹೋಗಿ ಬಂದ ಅದು ಅಜ್ಜ ತೀರಿಕೊಂಡು ಮನೆ ಪಾಲಾದ ಮೇಲೆ ಹೋದದ್ದು ಮತ್ತೆ ಬರಲಿಲ್ಲ. ಲೈಸೆನ್ಸು ಯಾರ ಹೆಸರಿಗೆ ಆಗಬೇಕೆಂಬುದು ಅಣ್ಣತಮ್ಮಂದಿರಲ್ಲಿ ಇತ್ಯರ್ಥವಾಗಲೇ ಇಲ್ಲ.

“ಆ ಮಸಿಯ ವಾಸನೆ ಒಂದು ಸಲ ಮೂಗಿಗೆ ಬಂದರೆ ಸಾಕು,” ಎಂದು ಭಾವ ನನ್ನೊಡನೆ ಹೇಳಿದ್ದರು. ಐವತ್ತು ದಾಟಿದ, ವಿಮಾನದ ಎಂಜಿನುಗಳ ಲೆಕ್ಕ ಹಾಕುವುದರಲ್ಲಿ ತಲೆ ನೆರೆತ ಮನುಷ್ಯನ ಮಾತದು. ಅವರ ನೆಲಮಾಳಿಗೆಯಲ್ಲಿ ಹಳೆಯ ಬೀಗಗಳು, ಗಡಿಯಾರಗಳು, ನಾಲ್ಕು ಬಗೆಯ ಹೊಲಿಗೆಯಂತ್ರಗಳು ಆಗಲೇ ಇದ್ದವು. ಆ ಸಾಲಿನಲ್ಲಿ ಒಂದು ರಿವಾಲ್ವರಿಗೂ ಸ್ಥಳವಿತ್ತು.

ಅಕ್ಕ ಒಪ್ಪಿರಲಿಲ್ಲ. ಅವಳು ಅಲ್ಲಿ ಪ್ರಾಥಮಿಕ ಶಾಲೆಯೊಂದರ ಉಪಾಧ್ಯಾಯಿನಿ. 2012ನೆಯ ಇಸವಿಯ ಡಿಸೆಂಬರ್ 14ರಂದು ಅದೇ ಕನೆಕ್ಟಿಕಟ್ ರಾಜ್ಯದ ನ್ಯೂಟೌನ್ ಎಂಬ ಊರಿನಲ್ಲಿ ಇಪ್ಪತ್ತು ವರ್ಷದ ತರುಣನೊಬ್ಬ ಸ್ಯಾಂಡಿ ಹುಕ್ ಶಾಲೆಯನ್ನು ಹೊಕ್ಕು, ಆರೇಳು ವರ್ಷದ ಇಪ್ಪತ್ತು ಮಕ್ಕಳನ್ನೂ ಶಾಲೆಯ ಆರು ಮಂದಿ ಹೆಂಗಸರನ್ನೂ ಗುಂಡಿಟ್ಟು ಕೊಂದ. ಬಂದೂಕು ಅವನ ತಾಯಿಯದು. ಕಾನೂನಿನಂತೆ ಕೊಂಡದ್ದು, ಮನೆಯಲ್ಲೇ ಇದ್ದದ್ದು. ಆ ತಾಯಿಯನ್ನು ಅವನು ಅಂದು ಬೆಳಗ್ಗೆ ಮೊದಲು ಕೊಂದಿದ್ದ. ಅಂದಿನಿಂದ ಅಕ್ಕನ ತರಗತಿಯಲ್ಲಿ ವರ್ಷಕ್ಕೆ ಕೆಲವು ಸಲ ದೀಪವಾರಿಸಿ, ಬಾಗಿಲಿಗೆ ಅಗಳಿ ಹಾಕಿ, ಮಕ್ಕಳು ಮೂಲೆಯಲ್ಲಿ ಸದ್ದಿಲ್ಲದೆ ಕುಳಿತುಕೊಳ್ಳುವ ಅಭ್ಯಾಸ ನಡೆಯುತ್ತದೆ. ಇದನ್ನು ಅವಳು ನನಗೆ ಹೇಳಿದ್ದು ಸೊಪ್ಪು ಬಿಡಿಸುತ್ತ, ತಲೆಯೆತ್ತದೆ. ಮನೆಯಲ್ಲಿ ಹನ್ನೊಂದು ವರ್ಷದ ಮಗನಿದ್ದಾನೆ. ಅವಳು ಭಾವನಿಗೆ ಬೇಡವೆನ್ನಲಿಲ್ಲ. “ಕೊಳ್ಳುವ ದಿನ ನಾನೂ ಬರುತ್ತೇನೆ,” ಎಂದಿದ್ದಳು ಅಷ್ಟೆ.

ಆ ಗುಮ್ಮಟವನ್ನು ಕಟ್ಟಿಸಿದವನು ಸ್ಯಾಮ್ಯುಯೆಲ್ ಕೋಲ್ಟ್. ಇಂಗ್ಲಿಷಿನಲ್ಲಿ ಕೋಲ್ಟ್ ಎಂದರೆ ಗಂಡು ಕುದುರೆಮರಿ. ಗುಮ್ಮಟದ ತುದಿಯ ಕುದುರೆ ಅವನ ಹೆಸರಿನ ಮೇಲಣ ಶ್ಲೇಷೆ. (ನಮ್ಮ ಮಲೆನಾಡಿನಲ್ಲಿಯೂ ಕೇಪಿನ ಮೇಲೆ ಬಡಿಯುವ ಕೋವಿಯ ಸುತ್ತಿಗೆಗೆ ಕುದುರೆಯೆಂದೇ ಹೆಸರು. ಕನ್ನಡದ ಮೇಷ್ಟರಿಗೆ ಇಂಥವು ಹೊಳೆಯದೆ ಇರವು.) ಕೋಲ್ಟ್ ಹುಟ್ಟಿದ್ದು ಇದೇ ಊರಿನಲ್ಲಿ, 1814ರಲ್ಲಿ. ಹದಿನಾರನೆಯ ವಯಸ್ಸಿನಲ್ಲಿ, 1830ರಲ್ಲಿ, ಬೋಸ್ಟನ್ನಿನಿಂದ ಹೊರಟ ಕೋರ್ವೋ ಎಂಬ ಹಾಯಿಹಡಗಿನಲ್ಲಿ ನಾವಿಕನಾಗಿ ಹೋದ. ಆ ಹಡಗಿನ ಗುರಿ ನಮ್ಮ ಕಲ್ಕತ್ತ! ಆ ಯಾನದಲ್ಲಿ ಹುಡುಗ ಮರವನ್ನು ಕೆತ್ತಿ ತಿರುಗುವ ಉರುಳೆಯ ಪಿಸ್ತೂಲಿನ ಮಾದರಿಯೊಂದನ್ನು ಮಾಡಿದನೆಂಬುದು ಪ್ರಸಿದ್ಧ ಕಥೆ. ಹಡಗಿನ ಚುಕ್ಕಾಣಿಯ ಚಕ್ರ ತಿರುಗಿ ತಿರುಗಿ ನಿಲ್ಲುವುದನ್ನು ಕಂಡು ಅವನಿಗೆ ಯುಕ್ತಿ ಹೊಳೆಯಿತೆಂದು ಹೇಳುವವರಿದ್ದಾರೆ. ಎಲೈಷಾ ಕೋಲಿಯರ್ ಎಂಬಾತ ಅದಕ್ಕೆ ಹನ್ನೆರಡು ವರ್ಷ ಮೊದಲೇ ಇಂಗ್ಲೆಂಡಿನಲ್ಲಿ ಪೇಟೆಂಟು ಪಡೆದಿದ್ದ ಚಕಮಕಿಯ ರಿವಾಲ್ವರನ್ನು ಕೋಲ್ಟ್ ಎಲ್ಲೋ ನೋಡಿದ್ದಿರಬೇಕೆಂದು ಅನುಮಾನಿಸುವವರೂ ಇದ್ದಾರೆ. ಕೋಲ್ಟ್ ಕೆತ್ತಿದನೆನ್ನುವ ಮರದ ತುಂಡುಗಳು ಹಾರ್ಟ್‌ಫರ್ಡಿನ ವಾಡ್ಸ್‌ವರ್ತ್ ಅಥೆನಿಯಮ್ ಎಂಬ ಕಲಾಶಾಲೆಯ ಸಂಗ್ರಹದಲ್ಲಿವೆ.

ಹಡಗಿನಿಂದಿಳಿದ ಮೇಲೆ ಬಂಡವಾಳಕ್ಕಾಗಿ ಅವನು ಹಿಡಿದ ಕಸುಬು ಉಪನ್ಯಾಸಕನದು ಎಂಬುದನ್ನು ತಿಳಿದು ನನಗೆ ಪರಮಾನಂದವಾಯಿತು. “ನ್ಯೂಯಾರ್ಕ್, ಲಂಡನ್ ಮತ್ತು ಕಲ್ಕತ್ತದ ಡಾಕ್ಟರ್ ಕೂಲ್ಟ್” ಎಂಬ ಬಿರುದನ್ನು ತಾನೇ ಧರಿಸಿಕೊಂಡು, ಊರಿಂದೂರಿಗೆ ಹೋಗಿ, ನಗೆಯನಿಲದ ಮೇಲೆ ಭಾಷಣ ಮಾಡಿ, ಸಭಿಕರಿಗೆ ಅದನ್ನು ಮೂಸಿಸಿ ನಗಿಸಿ ಹಣ ಗಳಿಸಿದ. ನಾವು ಅನಿಲವಿಲ್ಲದೆ ಭಾಷಣ ಮಾಡುತ್ತೇವೆ. ಫಲವೂ ಹಾಗೆಯೇ ಇದೆ.

1836ರಲ್ಲಿ ಅಮೆರಿಕದ ಪೇಟೆಂಟು ದೊರೆತು, ನ್ಯೂಜೆರ್ಸಿಯ ಪ್ಯಾಟರ್‌ಸನ್ನಿನಲ್ಲಿ ತೆರೆದ ಮೊದಲ ಕಾರ್ಖಾನೆ 1842ರಲ್ಲಿ ಮುಳುಗಿತು. ಅವನನ್ನು ಮತ್ತೆ ಎತ್ತಿದ್ದು ಯುದ್ಧ. ಮೆಕ್ಸಿಕೋದೊಡನೆ ಕಾದಾಟ ನಡೆದಿದ್ದಾಗ ಟೆಕ್ಸಸ್ಸಿನ ಸ್ಯಾಮ್ಯುಯೆಲ್ ವಾಕರ್ ಎಂಬ ಕ್ಯಾಪ್ಟನ್ನು ಸೈನ್ಯಕ್ಕಾಗಿ ಸಾವಿರ ರಿವಾಲ್ವರುಗಳ ಬೇಡಿಕೆ ತಂದ. 1847ರಲ್ಲಿ ತಯಾರಾದ ಆ ‘ವಾಕರ್’ ಎರಡು ಕಿಲೋಗ್ರಾಮಿಗೂ ತುಸು ಹೆಚ್ಚು ತೂಗುತ್ತದೆ. ಆ ವರ್ಷವೇ ವಾಕರನು ಮೆಕ್ಸಿಕೋದ ಯುದ್ಧಭೂಮಿಯಲ್ಲಿ ಮಡಿದ. ಕೋಲ್ಟ್ ಮಾತ್ರ ಬೆಳೆದ. ನದಿಯ ನೆರೆಗೆ ಅಡ್ಡಲಾಗಿ ಏರಿ ಹಾಕಿಸಿ, 1855ರಲ್ಲಿ ಈ ಕಾರ್ಖಾನೆಯನ್ನು ತೆರೆದ. ಒಂದು ರಿವಾಲ್ವರಿನ ಬಿಡಿಭಾಗ ಇನ್ನೊಂದಕ್ಕೆ ಹೊಂದುವ ಹಾಗೆ ಯಂತ್ರದಿಂದಲೇ ಎಲ್ಲವನ್ನೂ ಕಡೆದು ತೆಗೆಯುವ ವಿದ್ಯೆ ಇಲ್ಲಿ ಬಲಿಯಿತು. ಮುಂದೆ ತಮ್ಮ ಹೆಸರಿನ ಯಂತ್ರಗಳ ಕಂಪನಿ ಕಟ್ಟಿದ ಪ್ರ್ಯಾಟ್ ಮತ್ತು ವಿಟ್ನಿ ಇಬ್ಬರೂ ಇಲ್ಲಿ ದುಡಿದವರು. ಇಂದು ಆ ಹೆಸರು ವಿಮಾನದ ಎಂಜಿನುಗಳ ಮೇಲಿದೆ. “ನನ್ನ ಅನ್ನದ ಮೂಲವೂ ಈ ಗುಮ್ಮಟದ ಕೆಳಗೇ ಇದೆ,” ಎಂದು ಭಾವ ಎಂದದ್ದು ಬರಿಯ ಮಾತಲ್ಲ. ಅಂತರ್ಯುದ್ಧ ಆರಂಭವಾದ 1861ರ ಏಪ್ರಿಲಿನವರೆಗೂ ಕೋಲ್ಟ್ ದಕ್ಷಿಣದವರಿಗೂ ಮಾರಿದ, ಉತ್ತರದವರಿಗೂ ಮಾರಿದ. 1862ರ ಜನವರಿಯಲ್ಲಿ, ನಲವತ್ತೇಳನೆಯ ವಯಸ್ಸಿನಲ್ಲಿ ಸತ್ತ. ಎರಡು ವರ್ಷದ ಮೇಲೆ ಕಾರ್ಖಾನೆ ಬೆಂಕಿಗೆ ತುತ್ತಾಯಿತು. ಈಗ ಕಾಣುವುದು ಅವನ ವಿಧವೆ ಎಲಿಜಬೆತ್ ಮತ್ತೆ ಕಟ್ಟಿಸಿದ್ದು. ಅಲ್ಲಿ ಈಗ ಪಿಸ್ತೂಲು ತಯಾರಾಗುವುದಿಲ್ಲ. ಜನ ಬಾಡಿಗೆಗೆ ವಾಸವಾಗಿದ್ದಾರೆ.

ರಾಜ್ಯದ ಶಾಸನಸಭೆಯ ಎದುರಿಗಿರುವ ಗ್ರಂಥಾಲಯದ ಕಟ್ಟಡದಲ್ಲಿಯೇ ಕನೆಕ್ಟಿಕಟ್ ಇತಿಹಾಸದ ವಸ್ತುಸಂಗ್ರಹಾಲಯವಿದೆ. ಕೋಲ್ಟ್ ಕಂಪನಿ 1957ರಲ್ಲಿ ತನ್ನ ಕಾರ್ಖಾನೆಯ ಸಂಗ್ರಹವನ್ನು ಇಲ್ಲಿಗೆ ಒಪ್ಪಿಸಿತು. ಗುಮ್ಮಟದ ಮೇಲಿದ್ದ ಮೂಲದ ಕುದುರೆಮರಿಯೂ ಇಲ್ಲಿಯೇ ಇದೆ. ಹೆದ್ದಾರಿಯಿಂದ ಕಾಣುವುದು ಅದರ ಪ್ರತಿ. ಗಾಜಿನ ಕಪಾಟುಗಳ ಮುಂದೆ ಭಾವ ಎರಡು ಗಂಟೆ ಕಳೆದರು. ನಾನು ಆ ದಿನ ಕಲಿತದ್ದೆಲ್ಲ ಅಲ್ಲಿ ಕಲಿತದ್ದು.

ಮಸಿಯ ರಿವಾಲ್ವರನ್ನು ಆರಿಸುವವನ ಮುಂದೆ ಸಾಮಾನ್ಯವಾಗಿ ಮೂರು ಹೆಸರುಗಳು ಬರುತ್ತವೆ. ಮೊದಲನೆಯದು 1851ರ ಕೋಲ್ಟ್ ನೇವಿ. ಇದರ ಗುಂಡಿನ ಅಳತೆ ಅಂಗುಲದ ನೂರರಲ್ಲಿ ಮೂವತ್ತಾರು ಭಾಗ. ಏಳೂವರೆ ಅಂಗುಲದ ಎಂಟುಮೂಲೆಯ ನಳಿಗೆ. ಆರು ಕುಳಿಗಳ ಉರುಳೆ. ಉರುಳೆಯ ಸುತ್ತ 1843ರ ಕಂಪೇಚೆ ಕದನದ ಹಡಗುಗಳ ಚಿತ್ರವನ್ನು ಅಚ್ಚೊತ್ತಿರುತ್ತಾರೆ. ನೇವಿ ಎಂಬ ಹೆಸರು ಬಂದದ್ದು ಆ ಹಡಗುಗಳಿಂದ. ಹಾರ್ಟ್‌ಫರ್ಡಿನಲ್ಲಿಯೇ ಇಂಥವನ್ನು ಎರಡು ಲಕ್ಷಕ್ಕೂ ಮೇಲೆ ಮಾಡಿದರು. ಕೈಗೆ ತೆಗೆದುಕೊಂಡರೆ ತೋರುಬೆರಳಿನ ಮುಂದುವರಿಕೆಯಂತಿರುತ್ತದೆ ಎನ್ನುತ್ತಾರೆ ಬಲ್ಲವರು. ಎರಡನೆಯದು 1860ರ ಕೋಲ್ಟ್ ಆರ್ಮಿ: ನೂರರಲ್ಲಿ ನಲವತ್ತನಾಲ್ಕರ ಅಳತೆ, ಎಂಟಂಗುಲದ ದುಂಡು ನಳಿಗೆ, ಅಂತರ್ಯುದ್ಧದ ಸೈನಿಕನ ಸಂಗಾತಿ. ಇವೆರಡರಲ್ಲಿಯೂ ಉರುಳೆಯ ಮೇಲ್ಭಾಗ ತೆರೆದಿರುತ್ತದೆ. ನಳಿಗೆಯನ್ನು ಮೈಗೆ ಹಿಡಿದು ನಿಲ್ಲಿಸುವುದು ಅಡ್ಡಲಾಗಿ ಜಡಿದ ಒಂದು ಬೆಣೆ. ನಮ್ಮ ನೇಗಿಲಿನ ಬೆಣೆಯ ಹಾಗೆ. ಮೂರನೆಯದು ನ್ಯೂಯಾರ್ಕ್ ರಾಜ್ಯದ ಇಲಿಯನ್ ಊರಿನ ರೆಮಿಂಗ್ಟನ್. ಅದರ ಉರುಳೆಯ ಮೇಲೂ ಕಬ್ಬಿಣದ ಪಟ್ಟಿ ಹಾದುಹೋಗಿ ಮೈಯೆಲ್ಲ ಒಂದೇ ಚೌಕಟ್ಟಾಗಿದೆ. ಆದ್ದರಿಂದ ಹೆಚ್ಚು ಬಲ, ಗುರಿಯೂ ಹೆಚ್ಚು ಸ್ಥಿರ, ಉರುಳೆಯನ್ನು ಕಳಚುವುದೂ ಸುಲಭ. ಎಲ್ಲರೂ ಅದನ್ನು ‘1858ರ ರೆಮಿಂಗ್ಟನ್’ ಎನ್ನುತ್ತಾರೆ. 1858 ಎಂಬುದು ನಳಿಗೆಯ ಮೇಲೆ ಕೊರೆದ ಪೇಟೆಂಟಿನ ವರ್ಷ. ಪ್ರಸಿದ್ಧವಾದ ಆ ಸೈನ್ಯದ ಮಾದರಿ ಹೊರಬಂದದ್ದು ಯುದ್ಧ ಆರಂಭವಾದ ಮೇಲೆ.

ಈಡು ತುಂಬುವ ಕ್ರಮ ಮಾತ್ರ ಮೂರಕ್ಕೂ ಒಂದೇ, ಅಜ್ಜನ ಕೋವಿಯದರ ತಮ್ಮ. ಪ್ರತಿಯೊಂದು ಕುಳಿಗೂ ಮುಂದಿನಿಂದ ಅಳತೆಯ ಮಸಿ. ಅದರ ಮೇಲೆ ಕುಳಿಗಿಂತ ಕೂದಲೆಳೆಯಷ್ಟು ದಪ್ಪವಾದ ಸೀಸದ ಗುಂಡು. ಗಜದ ಬದಲಿಗೆ ನಳಿಗೆಯ ಕೆಳಗಿರುವ ಸನ್ನೆಯನ್ನು ಒತ್ತಿದರೆ ಗುಂಡು ಸೀಸದ ಸಣ್ಣ ಉಂಗುರವೊಂದನ್ನು ಸುಲಿದುಕೊಂಡು ಬಿಗಿಯಾಗಿ ಇಳಿಯುತ್ತದೆ. ಮೇಲೆ ಕೊಬ್ಬು ಸವರಬೇಕು. ಸವರದಿದ್ದರೆ, ಕೇಪು ಸಡಿಲವಾಗಿದ್ದರೆ, ಒಂದು ಕುಳಿಯ ಕಿಡಿ ಪಕ್ಕದ ಕುಳಿಗೂ ಹಾರಿ ಎಲ್ಲವೂ ಒಮ್ಮೆಗೇ ಸಿಡಿಯುವ ಭಯವಿದೆ. ಹಿಂದಿನ ತೊಟ್ಟುಗಳಿಗೆ ಕೇಪು. ಒಂದು ಕುಳಿಯನ್ನು ಬರಿದಾಗಿಟ್ಟು ಕುದುರೆಯನ್ನು ಅದರ ಮೇಲೆ ಇಳಿಸಿಡುವುದು ವಿವೇಕಿಗಳ ಪದ್ಧತಿ. ಹಾರಿಸಿದ ದಿನವೇ ಬಿಸಿನೀರಿನಲ್ಲಿ ತೊಳೆದು ಎಣ್ಣೆ ಹಚ್ಚದಿದ್ದರೆ ಮಸಿಯ ಕಿಟ್ಟ ಕಬ್ಬಿಣವನ್ನು ತಿಂದುಬಿಡುತ್ತದೆ. ಇಷ್ಟು ತಾಪತ್ರಯವನ್ನು ಜನ ಅಷ್ಟು ಕಾಲ ಸಹಿಸಿದ್ದಕ್ಕೆ ಒಂದು ಕಾರಣವುಂಟು. ಹಿಂದಿನಿಂದಲೇ ತೋಟಾ ತುಂಬುವ ಹಾಗೆ ಉರುಳೆಯನ್ನು ಆರಪಾರು ಕೊರೆಯುವ ಯುಕ್ತಿಗೆ ರೋಲಿನ್ ವೈಟ್ ಎಂಬಾತ 1855ರಲ್ಲಿ ಪೇಟೆಂಟು ಪಡೆದು, ಅದನ್ನು ಸ್ಮಿತ್ ಮತ್ತು ವೆಸನ್ನರಿಗೆ ಒಪ್ಪಿಸಿದ. ಅದರ ಅವಧಿ ತೀರಿದ 1869ರವರೆಗೆ ಕೋಲ್ಟ್ ಕಂಪನಿಗೆ ಮಸಿ ಮತ್ತು ಕೇಪೇ ಗತಿಯಾಯಿತು.

ಮಧ್ಯಾಹ್ನ ಹಿಂದಿರುಗುವಾಗ ಅಕ್ಕ ಕಾರನ್ನು ಹೆದ್ದಾರಿಗೆ ಹತ್ತಿಸದೆ ಗುಮ್ಮಟದ ಸಮೀಪದ ಇಗರ್ಜಿಯೊಂದರ ಮುಂದೆ ನಿಲ್ಲಿಸಿದಳು. ಎಲಿಜಬೆತ್ ಕೋಲ್ಟ್ ತನ್ನ ಗಂಡನ ಮತ್ತು ಎಳವೆಯಲ್ಲಿಯೇ ಕಳೆದುಕೊಂಡ ಮೂವರು ಮಕ್ಕಳ ನೆನಪಿಗೆ ಕಟ್ಟಿಸಿದ ‘ಒಳ್ಳೆಯ ಕುರುಬ’ನ ಇಗರ್ಜಿ ಅದು, 1869ರಲ್ಲಿ ಮುಗಿಯಿತು. ಬಾಗಿಲು ಹಾಕಿತ್ತು. ಕಾರ್ಖಾನೆಯ ಕೆಲಸಗಾರರು ಬರುತ್ತಿದ್ದ ಮೊಗಸಾಲೆಯ ಕಂಬಗಳ ತಲೆಯಲ್ಲಿ ಎಲೆ ಬಳ್ಳಿಗಳಿರಬೇಕಾದಲ್ಲಿ ಕಲ್ಲಿನಲ್ಲಿ ಕಡೆದದ್ದು ರಿವಾಲ್ವರಿನ ಅಂಗಾಂಗಗಳು: ಹಿಡಿ, ಉರುಳೆ, ಗುಂಡಿನ ಅಚ್ಚು, ಶಿಲುಬೆಯ ಸುತ್ತ ಒಂದಕ್ಕೊಂದು ಅಡ್ಡವಿಟ್ಟ ಪಿಸ್ತೂಲುಗಳು. ಬೇಲೂರಿನ ಕಂಬಗಳನ್ನು ಕಂಡವನು ನಾನು. ಕಲ್ಲಿನ ಮೇಲೆ ಯುದ್ಧವೂ ಆಯುಧಗಳೂ ನನಗೆ ಹೊಸತಲ್ಲ. ಆದರೂ ಸತ್ತ ಕೂಸುಗಳ ಹೆಸರಿನಲ್ಲಿ ಕಟ್ಟಿದ ಗುಡಿಯ ಬಾಗಿಲಲ್ಲಿ ಅವನ್ನು ನೋಡಿ ಮಾತು ಹೊರಡಲಿಲ್ಲ. ಆ ಹೆಂಗಸಿಗೆ ಅದರಲ್ಲಿ ವಿರೋಧವೇ ಕಂಡಿರಲಾರದು. ಗಂಡನ ಕಸುಬು ಅದು; ಅಕ್ಕಸಾಲಿಗ ದೇವರಿಗೆ ಬಂಗಾರ ಒಪ್ಪಿಸುವಂತೆ ಅವಳು ಪಿಸ್ತೂಲನ್ನು ಒಪ್ಪಿಸಿದಳು. ಅಕ್ಕ ಬಹಳ ಹೊತ್ತು ನೋಡಿ, “ಮೂವರೇ?” ಎಂದು ಕೇಳಿದಳು. ಭಾವ ಹೌದೆಂದರು.

ಅಂಗಡಿ ಇದ್ದದ್ದು ದಾರಿಯ ಮೇಲಣ ಇನ್ನೊಂದು ಊರಿನಲ್ಲಿ. ಮಾಲೀಕ ಎಪ್ಪತ್ತರ ಮುದುಕ, ನಿಧಾನಿ. ಗಾಜಿನ ಹಲಗೆಯ ಮೇಲೆ ಹಸುರು ಬಟ್ಟೆ ಹಾಸಿ ನಾಲ್ಕನ್ನು ಸಾಲಾಗಿಟ್ಟ.

ಮೊದಲನೆಯದು ಹಿತ್ತಾಳೆಯ ಚೌಕಟ್ಟಿನ, ಫಳಫಳಿಸುವ ‘1851ರ ನೇವಿ’. ನಾಲ್ಕರಲ್ಲಿ ಎಲ್ಲಕ್ಕಿಂತ ಅಗ್ಗ, ನನ್ನ ಕಣ್ಣಿಗೆ ಎಲ್ಲಕ್ಕಿಂತ ಚೆಂದ. ಭಾವ ಅದನ್ನು ಮುಟ್ಟಲೂ ಇಲ್ಲ. ಕೋಲ್ಟ್ ತನ್ನ ನೇವಿಗೆ ಹಿತ್ತಾಳೆಯ ಚೌಕಟ್ಟು ಹಾಕಿದವನಲ್ಲ; ಹಿತ್ತಾಳೆ ಬಳಸಿದ್ದು ಯುದ್ಧಕಾಲದಲ್ಲಿ ಕಬ್ಬಿಣಕ್ಕೆ ಬರ ಬಂದ ದಕ್ಷಿಣದ ಕೆಲವು ಕಾರ್ಖಾನೆಗಳು. ಅದೂ ಸಾಲದೆ ಅದರ ನಳಿಗೆ ನಲವತ್ತನಾಲ್ಕರದು. ಆ ಅಳತೆಯ ನೇವಿಯನ್ನು ಕೋಲ್ಟ್ ಮಾರಿದ್ದೇ ಇಲ್ಲ. ಭಾರಿ ಈಡು ಹಾಕುತ್ತ ಹೋದರೆ ಹಿತ್ತಾಳೆ ಹಿಗ್ಗಿ ಬೆಣೆ ಸಡಿಲವಾಗುತ್ತದೆಂದು ಮುದುಕನೂ ಒಪ್ಪಿಕೊಂಡ.

ಎರಡನೆಯದು ಉಕ್ಕಿನ ಚೌಕಟ್ಟಿನ ನೇವಿ, ಮೂರನೆಯದು ರೆಮಿಂಗ್ಟನ್. ಎರಡೂ ಇಟಲಿಯ ಬ್ರೆಷಿಯ ಸೀಮೆಯಿಂದ ಬಂದ ಹೊಸ ಪ್ರತಿಗಳು. ಐದು ಶತಮಾನದಿಂದ ಕೋವಿ ಮಾಡುವುದನ್ನೇ ಕಸುಬಾಗಿಸಿಕೊಂಡ ಕಣಿವೆ ಅದು. 1950ರ ದಶಕದ ಕೊನೆಯಲ್ಲಿ ವ್ಯಾಲ್ ಫೋರ್ಜೆಟ್ ಎಂಬ ಅಮೆರಿಕದ ವರ್ತಕ ಅಂತರ್ಯುದ್ಧದ ಶತಮಾನೋತ್ಸವ ಬರುತ್ತಿದೆಯೆಂದು ಅಲ್ಲಿಗೆ ಹೋಗಿ ಹಳೆಯ ನೇವಿಯ ಪ್ರತಿ ಮಾಡಿಕೊಡಿರೆಂದು ಕೇಳಿದ. ಗ್ರೆಗೊರೆಲ್ಲಿ ಮತ್ತು ಉಬೆರ್ತಿ ಎಂಬವರು ಮಾಡಿಕೊಟ್ಟರು. ಅಲ್ಲಿಂದ ಈ ವ್ಯಾಪಾರ ಬೆಳೆಯಿತು. ಭಾವ ಮುದುಕನ ಅನುಮತಿ ಕೇಳಿ, ಆರೂ ಕುಳಿಗಳು ಬರಿದೆಂದು ನೋಡಿಕೊಂಡು, ಕುದುರೆಯನ್ನು ಮೆಲ್ಲನೆ ಹಿಂದಕ್ಕೆಳೆದರು. ಉರುಳೆ ತಿರುಗಿ, ಕುದುರೆ ಪೂರ್ತಿ ಹಿಂದೆ ಬಂದು ನಿಲ್ಲುವ ಕ್ಷಣಕ್ಕೆ ಸರಿಯಾಗಿ ಟಕ್ಕೆಂದು ಬಿಗಿಯಿತು. ಬಿಗಿದ ಮೇಲೆ ಬೆರಳಿನಿಂದ ಅಲುಗಿಸಿದರೆ ಅಲುಗಬಾರದು. ಹೀಗೆ ಆರು ಸಲ ನೋಡಬೇಕು. ಐದು ಕುಳಿ ಸರಿಯಿದ್ದು ಆರನೆಯದು ತಪ್ಪುವ ರಿವಾಲ್ವರುಗಳುಂಟು. ಉರುಳೆಗೂ ನಳಿಗೆಗೂ ನಡುವೆ ಕಾಗದದೆಳೆಯಷ್ಟೇ ಬೆಳಕು ಕಾಣಬೇಕು. ನೇವಿ ಎಲ್ಲ ಪರೀಕ್ಷೆಯಲ್ಲಿಯೂ ಗೆದ್ದಿತು. ಭಾವನ ಮುಖ ಅರಳಿತ್ತು. ಮನಸ್ಸು ಮಾಡಿಯಾಯಿತೆಂದು ನಾನು ತಿಳಿದೆ.

“ಯಾವ ಕಾಗದ ತುಂಬಬೇಕು?” ಎಂದು ಅಕ್ಕ ಮುದುಕನನ್ನು ಕೇಳಿದಳು.

ಅಮೆರಿಕದ ಒಕ್ಕೂಟದ 1968ರ ಕಾಯಿದೆಯಂತೆ 1898 ಅಥವಾ ಅದಕ್ಕೂ ಮೊದಲು ಮಾಡಿದ ಕೋವಿಗಳೂ, ಮಸಿ ಮತ್ತು ಕೇಪಿನಿಂದ ಹಾರುವ ಅವುಗಳ ಪ್ರತಿಗಳೂ ‘ಕೋವಿ’ ಎಂಬ ಮಾತಿನ ಅರ್ಥದೊಳಗೆ ಬರುವುದಿಲ್ಲವೆಂದೂ, ರಾಜ್ಯರಾಜ್ಯಕ್ಕೆ ಬೇರೆ ಕಟ್ಟಳೆಗಳಿವೆಯೆಂದೂ ಮುದುಕ ವಿವರಿಸಿದ. ಭಾವ ಅದನ್ನೆಲ್ಲ ಮೊದಲೇ ವಿಚಾರಿಸಿಕೊಂಡಿದ್ದರು.

ಅಕ್ಕ ಕನ್ನಡದಲ್ಲಿ ಭಾವನಿಗೆ ಹೇಳಿದಳು: “ಕಾನೂನಿಗೆ ಇದು ಕೋವಿಯಲ್ಲವಂತೆ. ಒಳಗಿನ ಗುಂಡಿಗೆ ಆ ವಿಷಯ ಗೊತ್ತಿದೆಯೇ?”

ಭಾವ ಉತ್ತರ ಕೊಡಲಿಲ್ಲ. ಬಹಳ ಹೊತ್ತು ನೇವಿಯನ್ನು ಹಿಡಿದುಕೊಂಡೇ ನಿಂತಿದ್ದು, ಬಟ್ಟೆಯ ಮೇಲಿಟ್ಟು, ನಾಲ್ಕನೆಯದನ್ನು ಎತ್ತಿಕೊಂಡರು. ಅದು 1849ರ ಮಾದರಿಯ ಕೋಲ್ಟ್, ಜೇಬಿನ ರಿವಾಲ್ವರು. ನಕಲಲ್ಲ, ನಾವು ಬೆಳಗ್ಗೆ ಕಂಡ ಗುಮ್ಮಟದ ಊರಿನಲ್ಲೇ ಹುಟ್ಟಿದ್ದು. ಕೋಲ್ಟನ ಕೇಪಿನ ರಿವಾಲ್ವರುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಬಡವರ ಮಾದರಿಯಿದು. ನೂರರಲ್ಲಿ ಮೂವತ್ತೊಂದರ ಅಳತೆ, ಐದು ಕುಳಿ. ಉರುಳೆಯ ಮೇಲೆ ದರೋಡೆಕಾರರು ಕುದುರೆಗಾಡಿಯನ್ನು ತಡೆದ ಚಿತ್ರವಿರಬೇಕು. ಸವೆದು ಸವೆದು ಗಾಡಿಯ ಒಂದು ಗಾಲಿ ಮಾತ್ರ ಉಳಿದಿತ್ತು. ಕಲಿತ ಸಂಗ್ರಾಹಕ ಇಂಥದರಲ್ಲಿ ಮೊದಲು ನೋಡುವುದು ಸಂಖ್ಯೆಗಳನ್ನು: ನಳಿಗೆ, ಚೌಕಟ್ಟು, ಉರುಳೆ, ಹಿಡಿಯ ಪಟ್ಟಿ ಎಲ್ಲದರ ಮೇಲೂ ಒಂದೇ ಸಂಖ್ಯೆಯಿರಬೇಕು. ಇದರಲ್ಲಿ ಬೆಣೆಯೊಂದು ಬೇರೆಯದು. ತೊಟ್ಟುಗಳು ತುಕ್ಕಿಗೆ ಕರಗಿ ಮೊಂಡಾಗಿದ್ದವು. ಕುದುರೆಯನ್ನೆಳೆದರೆ ಜೋಲುಬಿದ್ದಂತೆ ಹಿಂದಕ್ಕೆ ಬಂತು; ಒಳಗಿನ ಸ್ಪ್ರಿಂಗು ಮುರಿದಿತ್ತು.

“ಹೊಸ ಸ್ಪ್ರಿಂಗು ಹಾಕಿಕೊಡಬಲ್ಲೆ. ತೊಟ್ಟುಗಳೂ ಸಿಗುತ್ತವೆ,” ಎಂದ ಮುದುಕ.

“ಬೇಡ. ಹೀಗೇ ಇರಲಿ,” ಎಂದರು ಭಾವ.

ಬೆಲೆ ಇಟಲಿಯ ಪ್ರತಿಗಿಂತ ಹೆಚ್ಚಾಗಿಯೇ ಇತ್ತು. ಎಂಜಿನಿಯರನೊಬ್ಬ ಕೆಟ್ಟ ಯಂತ್ರವನ್ನು ಹೆಚ್ಚು ಹಣಕ್ಕೆ ಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವರು ಹೆಂಡತಿಯ ಮಾತಿಗೆ ಮಣಿದರೆಂದು ಹೇಳಿದರೆ ಅರ್ಧ ಮಾತ್ರ ನಿಜ. ನೇವಿಯನ್ನು ಕೆಳಗಿಡುವಾಗ ಅವರ ಕೈ ತಡವರಿಸಿದ್ದನ್ನು ಕಂಡೆ. ಮಸಿಯ ವಾಸನೆಯ ಆಸೆ ಅಲ್ಲಿಗೆ ಮುಗಿಯಿತು. ಆದರೆ ಗುಮ್ಮಟದ ಕೆಳಗೆ ಯಾರೋ ಒಬ್ಬ ಕೆಲಸಗಾರ ಕಡೆದ ಉರುಳೆಯನ್ನು ಬೆರಳಿನಿಂದ ತಿರುಗಿಸಿದಾಗ ಅವರ ಮುಖದಲ್ಲಿ ಬೇರೊಂದು ತೃಪ್ತಿಯೂ ಇತ್ತು. ಹಾರಿಸಲಾರದ್ದನ್ನು ಕೊಂಡದ್ದಕ್ಕೆ ಅಕ್ಕನೂ ಪೂರ್ತಿ ಸಮಾಧಾನ ತೋರಿಸಲಿಲ್ಲ. ಸ್ಪ್ರಿಂಗನ್ನು ಯಾವಾಗ ಬೇಕಾದರೂ ಹಾಕಿಸಬಹುದಲ್ಲ ಎಂದಳು. ಪೆಟ್ಟಿಗೆಯ ಬೀಗದ ಕೈ ತನ್ನ ಹತ್ತಿರವಿರಬೇಕೆಂದಳು. ಭಾವ ಒಪ್ಪಿದರು.

ಕಾರಿನಲ್ಲಿ ಭಾವ ಬಟ್ಟೆಯ ಗಂಟನ್ನು ಬಿಚ್ಚಿ, ನಳಿಗೆಯನ್ನು ಮೂಗಿನ ಬಳಿ ಹಿಡಿದು, ನನ್ನ ಕೈಗೂ ಕೊಟ್ಟರು. ಎಣ್ಣೆಯ ವಾಸನೆ ಬಂತು, ತುಸು ತುಕ್ಕಿನದೂ. ಬೇರೇನೂ ಇರಲಿಲ್ಲ. ಹೆದ್ದಾರಿ ಸೇರುವ ಹೊತ್ತಿಗೆ ಗುಮ್ಮಟದ ಮೇಲೆ ಸಂಜೆಯ ಬಿಸಿಲಿತ್ತು. “ಹುಡುಗ ಕೇಳಿದರೆ ಏನು ಹೇಳುತ್ತೀರಿ?” ಎಂದಳು ಅಕ್ಕ, ರಸ್ತೆಯ ಮೇಲಿನ ಕಣ್ಣು ತೆಗೆಯದೆ.

“ತೋರಿಸುತ್ತೇನೆ,” ಎಂದರು ಭಾವ. “ನೀನೂ ಜೊತೆಗಿರು.”